ಹಲಗೆಯ ಮೇಲಿನ ಓಂಕಾರ

ಮಾಘ ಮಾಸದ ಚಳಿ ಇನ್ನೂ ಬಿಟ್ಟಿರಲಿಲ್ಲ. ಬೆಳಗಿನ ಮಾಗಡಿ ಬಸ್ಸು ರಾಮನಗರದ ನಿಲ್ದಾಣ ಬಿಟ್ಟಾಗ ಕಿಟಕಿಯ ಗಾಜಿನ ಮೇಲೆ ಮಂಜು ಕೂತಿತ್ತು. ಟಿಕೆಟ್ಟಿಗೆ ಹದಿನೆಂಟು ರೂಪಾಯಿ. ನನ್ನ ಬಟ್ಟೆಚೀಲದಲ್ಲಿ ಒಂದು ಸೀರೆ, ಒಂದು ಟವೆಲ್ಲು, ಡಬ್ಬಿಯಲ್ಲಿ ಚಿತ್ರಾನ್ನ ಇದ್ದವು. ಯಜಮಾನರ ಹೆಸರಿನಲ್ಲಿ ಸಾವನದುರ್ಗದಲ್ಲಿ ಪೂಜೆ ಮಾಡಿಸಿಕೊಂಡು ಬರುತ್ತೇನೆ ಎಂದು ಪಕ್ಕದ ಮನೆಯವರಿಗೆ ಹೇಳಿ ಹೊರಟಿದ್ದೆ. ಪೂಜೆಯೇನೋ ಮಾಡಿಸುವವಳೇ. ಆದರೆ ನನ್ನನ್ನು ಮನೆಯಿಂದ ಎಬ್ಬಿಸಿ ಬಸ್ಸು ಹತ್ತಿಸಿದ್ದು ಭಕ್ತಿಯಲ್ಲ, ಹೊಟ್ಟೆಕಿಚ್ಚು.

ನಮ್ಮ ಯಜಮಾನರು ಸಿದ್ದರಾಜು ದೀಪಾವಳಿಯ ಹಿಂದಿನ ವಾರ ತೀರಿಕೊಂಡರು. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಕಾರ್ಖಾನೆಯೊಂದರಲ್ಲಿ ಲೇತ್ ಮಿಷನ್ನಿನ ಮೇಲೆ ಬುಗುರಿ, ಗಿಲಕಿ ಕಡೆಯುವುದು ಅವರ ಕಸುಬು. ಹೊರಗಿನ ಪ್ಲಾಸ್ಟಿಕ್ ಆಟಿಕೆ ಬಂದು ವ್ಯಾಪಾರ ಬಿದ್ದ ಮೇಲೆ ಕೊನೆಯ ಕೆಲವು ವರ್ಷ ಬಿಡದಿಯ ಫ್ಯಾಕ್ಟರಿಯೊಂದರಲ್ಲಿ ಹೆಲ್ಪರ್ ಆಗಿದ್ದರು. ಮಾತು ಕಡಿಮೆ. ಊಟ ಚೆನ್ನಾಗಿದ್ದರೆ ಇನ್ನೊಂದು ಸೌಟು ಹಾಕು ಎನ್ನುವರು, ಚೆನ್ನಾಗಿಲ್ಲದಿದ್ದರೆ ಸುಮ್ಮನೆ ಏಳುವರು.

ಮದುವೆಯಾದ ಹೊಸದರಲ್ಲಿ ನಾವಿಬ್ಬರೂ ಸಾವನದುರ್ಗದ ಬುಡದಲ್ಲಿದ್ದ ಒಬ್ಬ ಅಯ್ಯನವರ ಹತ್ತಿರ ಉಪದೇಶಕ್ಕೆ ಹೋಗಿದ್ದೆವು. ಅಯ್ಯನವರು ನಮ್ಮವರನ್ನು ಕೂರಿಸಿಕೊಂಡು ತಮ್ಮಿಬ್ಬರ ತಲೆಯ ಮೇಲೂ ಒಂದೇ ಕರಿ ಕಂಬಳಿ ಹೊದಿಸಿ, ಬಲಗಿವಿಯಲ್ಲಿ ಓಂಕಾರ ಸಮೇತ ಮಂತ್ರ ಹೇಳಿದರು. ನಾನು ಹೊರಗೆ ಕೂತು ಕಂಬಳಿಯೊಳಗೆ ಎರಡು ತಲೆ ಅಲ್ಲಾಡುವುದನ್ನು ನೋಡುತ್ತಿದ್ದೆ. ನನ್ನ ಸರದಿಗೆ ಕಂಬಳಿಯೂ ಇಲ್ಲ, ಓಂಕಾರವೂ ಇಲ್ಲ. 'ಹೆಣ್ಣುಮಕ್ಕಳಿಗೆ ಓಂಕಾರ ಕೊಡಲ್ಲ ತಾಯಿ, ಶಿವಾಯ ನಮಃ ಅನ್ಕೋ ಸಾಕು' ಎಂದು ಎಲ್ಲರೆದುರೇ ಹೇಳಿದರು. ನಮ್ಮವರಿಗೆ, 'ಇದು ಹೆಣ್ಣಿನ ಕಿವಿಗೆ ಬೀಳಬಾರದು' ಎಂದೂ ಕಟ್ಟಪ್ಪಣೆ ಮಾಡಿದರು. ಕಂಬಳಿಯಿಂದ ಹೊರಗೆ ಬಂದಾಗ ನಮ್ಮವರ ಹಣೆಯಲ್ಲಿ ಬೆವರಿತ್ತು. ಮುಖ ಮಾತ್ರ ಒಬ್ಬರೇ ಕೂತು ಸಿಹಿ ತಿಂದು ಬಂದವರ ಹಾಗಿತ್ತು.

ಆ ಅಪ್ಪಣೆಯನ್ನು ಅವರು ಸಾಯುವವರೆಗೆ ಮೀರಲಿಲ್ಲ. ಮನೆಯಲ್ಲಿ ಹೇಳಬೇಕಾದರೆ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಹೇಳುತ್ತಿದ್ದರು. ಟವೆಲ್ಲು ಕೊಡುವ ನೆಪದಲ್ಲಿ ನಾನು ಬಾಗಿಲ ಹತ್ತಿರ ನಿಲ್ಲುತ್ತಿದ್ದೆ. ಓಂಕಾರ ನೀರಿನ ಸದ್ದಿನಲ್ಲಿ ಕೊಚ್ಚಿಹೋಗುತ್ತಿತ್ತು. ಅದು ಮುಗಿದು ಒಂದಿಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ಅವರು ಕೆಮ್ಮುತ್ತಿದ್ದರು. ಒಂದು ದೊಡ್ಡ ಕೆಮ್ಮು, ಅದರ ಬೆನ್ನಿಗೇ ಒಂದು ಸಣ್ಣದು. ಬೀಡಿಯ ಕೆಮ್ಮು. ಅಷ್ಟು ವರ್ಷದಲ್ಲಿ ನನ್ನ ಪಾಲಿಗೆ ಸ್ಪಷ್ಟವಾಗಿ ಸಿಕ್ಕಿದ್ದು ಆ ಕೆಮ್ಮು ಮಾತ್ರ.

ಅವರ ಹನ್ನೊಂದನೆಯ ದಿನದ ತಿಥಿಗೆ ಚನ್ನಪಟ್ಟಣದಿಂದ ನಾನು ಕಂಡಿರದ ಒಬ್ಬ ಹೆಂಗಸು ಬಂದಳು. ನಲವತ್ತರ ಆಸುಪಾಸು, ಕಪ್ಪು ಮೈ, ಬೆರಳಿನ ಸಂದಿಯಲ್ಲಿ ಒಣಗಿದ ಗೋಂದು. ಫೋಟೊದ ಮುಂದೆ ಕಣ್ಣು ಮುಚ್ಚಿ ನಿಂತು, ಗಂಟಲು ತೆರೆದು, ಏರಿಳಿತವೇ ಇಲ್ಲದ ಒಂದು ದನಿಯಲ್ಲಿ ಓಂ ಎಂದಳು. ಬಡಿಸುತ್ತಿದ್ದವರು ನಿಂತುಬಿಟ್ಟರು. 'ಕಿವುಡಿ ಕಣೇ, ಒಂದೇ ಕಾರ್ಖಾನೇಲಿದ್ರಂತೆ' ಎಂದು ಯಾರೋ ನಕ್ಕರು. ನಾನು ನಗಲಿಲ್ಲ. ಓಂಕಾರ ಮುಗಿಸಿ ಅವಳು ಒಂದಿಷ್ಟು ಹೊತ್ತು ಸುಮ್ಮನಿದ್ದಳು. ಆಮೇಲೆ ಕೆಮ್ಮಿದಳು. ಒಂದು ದೊಡ್ಡದು, ಅದರ ಬೆನ್ನಿಗೇ ಒಂದು ಸಣ್ಣದು.

ನಲ್ಲಿ ಬಿಟ್ಟು ನನ್ನಿಂದ ಮುಚ್ಚಿಟ್ಟಿದ್ದನ್ನು ಅವರು ಇವಳಿಗೆ ಕೊಟ್ಟಿದ್ದರು. ಊಟ ಮಾಡಿ ಅವಳು ಯಾವಾಗ ಹೋದಳೋ ನೋಡಲಿಲ್ಲ. ಆದರೆ ಮೂರು ತಿಂಗಳು ಆ ಸಂಕಟ ನನ್ನನ್ನು ಬಿಡಲಿಲ್ಲ. ಹೇಗೆ ಕೊಟ್ಟರು, ಯಾಕೆ ಅವಳಿಗೆ ಕೊಟ್ಟರು ಎಂದು ಮೊದಲು ಉಪದೇಶ ಆದ ಜಾಗದಲ್ಲಿ, ಆಮೇಲೆ ಅವಳನ್ನೇ ಕೇಳಿಕೊಂಡು ಬರಬೇಕೆಂದು ಹೊರಟೆ.

ಬಸ್ಸಿನ ಡ್ರೈವರಿನ ಮುಂದೆ ಪ್ಲಾಸ್ಟಿಕ್ಕಿನ ಒಂದು ಪುಟ್ಟ ಪೆಟ್ಟಿಗೆ ಬಿಡದೆ ಓಂಕಾರ ಹೇಳುತ್ತಿತ್ತು. ಆ ವರ್ಷಗಳಲ್ಲಿ ಎಲ್ಲ ಫ್ಯಾನ್ಸಿ ಅಂಗಡಿಯಲ್ಲೂ ಅದನ್ನು ನೇತುಹಾಕಿರುತ್ತಿದ್ದರು. ನಾನು ಅದನ್ನೇ ನೋಡುತ್ತಿದ್ದದ್ದನ್ನು ಕಂಡು ಕಂಡಕ್ಟರ್, 'ಬ್ಯಾಟ್ರಿ ಹಾಕುದ್ರೆ ಸಾಕು ಕಣಮ್ಮ, ಪುಣ್ಯ ಬತ್ತಾನೇ ಇರ್ತದೆ' ಎಂದ. ಎರಡು ಬ್ಯಾಟರಿಯ ಪೆಟ್ಟಿಗೆಗೆ ಸಿಕ್ಕಿದ್ದು ನನಗೆ ಸಿಗಲಿಲ್ಲವಲ್ಲ ಎಂದು ಅದರ ಮೇಲೂ ಕರುಬಿದೆ.

ದಾರಿಯುದ್ದಕ್ಕೂ ಮಾವಿನ ತೋಪುಗಳು ಹೂ ಬಿಟ್ಟು ಹಳದಿಯಾಗಿದ್ದವು. ನಡುನಡುವೆ ಹೊಸದಾಗಿ ತಂತಿಬೇಲಿ ಸುತ್ತಿದ ಜಾಗಗಳು, ಸೈಟು ಮಾರಾಟಕ್ಕಿದೆ ಎಂಬ ಬೋರ್ಡುಗಳು. ರಾಮನಗರ ಜಿಲ್ಲೆಯಾದ ಮೇಲೆ ಬಂಡೆಯ ಮೇಲೂ ಫೋನ್ ನಂಬರು ಬರೆದಿದ್ದರು. ಮಾಗಡಿಯಲ್ಲಿ ಇಳಿದು ಎರಡು ಇಡ್ಲಿ ತಿಂದು, ಟೀ ಕುಡಿದು, ಸಾವನದುರ್ಗಕ್ಕೆ ಹೋಗುವ ಇನ್ನೊಂದು ಬಸ್ಸು ಹಿಡಿದೆ. ತಿರುವೊಂದರಲ್ಲಿ ಬೆಟ್ಟ ಒಮ್ಮೆಲೇ ಎದ್ದು ನಿಂತಿತು. ಎಷ್ಟು ಸಲ ನೋಡಿದರೂ ಅದು ಒಂದೇ ಕಲ್ಲು ಎಂದು ನಂಬುವುದು ಕಷ್ಟ.

ವೀರಭದ್ರಸ್ವಾಮಿಗೆ ನಮ್ಮವರ ಹೆಸರಿನಲ್ಲಿ ಅರ್ಚನೆ ಮಾಡಿಸಿ, ಬೆಟ್ಟದ ಮಗ್ಗುಲಲ್ಲಿದ್ದ ಅಯ್ಯನವರ ಜಾಗಕ್ಕೆ ನಡೆದೆ. ಹಳೆಯ ಅಯ್ಯನವರು ಹೋಗಿ ಎಷ್ಟೋ ವರ್ಷವಾಗಿತ್ತು. ಹುಲ್ಲು ಹೊದಿಸಿದ ಮನೆಯಿದ್ದ ಕಡೆ ಶೀಟು ಹೊದಿಸಿದ ದೊಡ್ಡ ಹಾಲ್ ಎದ್ದಿತ್ತು. ಗೋಡೆಯ ಮೇಲೆ ಆಳೆತ್ತರದ ಓಂಕಾರ ಬರೆಸಿದ್ದರು. ಕನಕಪುರ ರಸ್ತೆಯ ಯಾವುದೋ ಬಡಾವಣೆಯಿಂದ ವ್ಯಾನು ಮಾಡಿಕೊಂಡು ಬಂದಿದ್ದ ಇಪ್ಪತ್ತು ಜನ ಚಾಪೆ ಹಾಸಿ ಕೂತಿದ್ದರು. ಅರ್ಧಕ್ಕಿಂತ ಹೆಚ್ಚು ಹುಡುಗಿಯರು. ಈಗಿನ ಸ್ವಾಮಿಗಳು ಹಳೆಯ ಅಯ್ಯನವರ ಅಣ್ಣನ ಮೊಮ್ಮಗ, ಕನ್ನಡಕ ಹಾಕಿದ ಮೆತ್ತನೆ ಮಾತಿನವರು. ಕೈಯಲ್ಲಿ ಒಂದು ಕಡ್ಡಿ ಹಿಡಿದು ಗೋಡೆಯ ಓಂಕಾರವನ್ನು ವಿವರಿಸುತ್ತಿದ್ದರು. ನಾನೂ ಕಂಬಕ್ಕೊರಗಿ ಕೂತೆ.

'ಅಕಾರ ನಮ್ಮ ಎಚ್ಚರ. ಬಾಯಿ ತೆರೆದಾಗ ಹುಟ್ಟೋ ಮೊದಲ ದನಿ. ಉಕಾರ ನಮ್ಮ ಕನಸು, ದನಿ ಒಳಗಡೆ ಉರುಳ್ತದೆ. ಮಕಾರ ಗಾಢನಿದ್ದೆ, ತುಟಿ ಮುಚ್ಚಿಬಿಡ್ತದೆ. ಆಯ್ತಾ? ಮೂರೂ ಮುಗಿದ ಮೇಲೆ ಏನುಳೀತದೆ?'

'ಸೈಲೆನ್ಸ್' ಎಂದಳು ಮುಂದೆ ಕೂತಿದ್ದ ಒಬ್ಬ ಹುಡುಗಿ.

'ಹಾಂ, ಮೌನ. ಅದಕ್ಕೆ ಅಕ್ಷರ ಇಲ್ಲ, ಮಾತ್ರೆ ಇಲ್ಲ. ಇಗೋ, ಮೇಲಿರೋ ಈ ಚುಕ್ಕಿ. ಅದು ನಾಲ್ಕನೇದು, ತುರೀಯ. ಕೆಳಗಿರೋ ಈ ಅರ್ಧಚಂದ್ರ ಮಾಯೆ, ಚುಕ್ಕಿಯನ್ನ ಮುಟ್ಟೋಕೆ ಬಿಡಲ್ಲ. ಮನುಷ್ಯ ನಿಜವಾಗಿ ಇರೋದು ಆ ನಾಲ್ಕನೇದ್ರಲ್ಲಿ. ಬಾಕಿ ಮೂರೂ ಬಂದು ಹೋಗ್ತವೆ.'

ನಾನು ಆ ಚುಕ್ಕಿಯನ್ನು ನೋಡುತ್ತ ಕೂತೆ. ಎಚ್ಚರದಲ್ಲಿ ಅವರಿಗೆ ಬುತ್ತಿ ಕಟ್ಟಿಕೊಟ್ಟವಳು ನಾನು. ಕನಸಿನಲ್ಲಿ ಅವರು ಕನವರಿಸಿದರೆ ತಟ್ಟಿ ಮಲಗಿಸಿದವಳು ನಾನು. ಗಾಢನಿದ್ದೆಯಲ್ಲಿ ಅವರ ಬೆನ್ನಿಗೆ ಬೆನ್ನು ಕೊಟ್ಟು ಮಲಗಿದವಳು ನಾನು. ಮೂರರಲ್ಲೂ ಪಕ್ಕದಲ್ಲೇ ಇದ್ದೆ. ಮನುಷ್ಯ ನಿಜವಾಗಿ ಇರುವುದು ಎಲ್ಲಿಯೋ ಆ ನಾಲ್ಕನೆಯದನ್ನು ಮಾತ್ರ ಗೋಂದು ಬೆರಳಿನವಳಿಗೆ ಕೊಟ್ಟು ಹೋಗಿದ್ದರು.

ಆಮೇಲೆ ಎಲ್ಲರೂ ಒಟ್ಟಿಗೆ ಓಂ ಎಂದರು. ಹುಡುಗಿಯರ ದನಿ ಶೀಟಿಗೆ ತಾಗಿ ಝೇಂಕರಿಸಿತು. ಮುಗಿದೊಡನೆ ಉಪ್ಪಿಟ್ಟು, ಕಾಫಿ ಬಂತು. ಒಬ್ಬಳು ಇನ್ನೊಬ್ಬಳಿಗೆ 'ನಿಂಗೆ ಗೂಸ್‌ಬಂಪ್ಸ್ ಬಂತಾ?' ಎಂದು ಕೇಳುತ್ತಿದ್ದಳು. ಅಂದು ಕಂಬಳಿ ಮುಚ್ಚಿ ಕೊಟ್ಟದ್ದನ್ನು ಈಗ ಉಪ್ಪಿಟ್ಟಿನ ಜೊತೆ ಕೊಡುತ್ತಿದ್ದರು.

ಸ್ವಾಮಿಗಳ ಹತ್ತಿರ ಹೋಗಿ ನನ್ನ ಗುರುತು ಹೇಳಿದೆ. ನಮ್ಮವರ ಹೆಸರು ಕೇಳಿ ನೊಂದುಕೊಂಡರು. 'ಈಗ ಆ ಕಟ್ಟುಪಾಡು ಇಲ್ಲ ತಾಯಿ, ಯಾರು ಬೇಕಾದ್ರೂ ಹೇಳ್ಬೋದು. ಬನ್ನಿ ಕೂತ್ಕೊಳ್ಳಿ, ನಾನೇ ಹೇಳಿಕೊಡ್ತೀನಿ' ಎಂದರು.

ಕೂರಲು ಮನಸ್ಸಾಗಲಿಲ್ಲ. ಹಸಿದಾಗ ಕೊಡದೆ, ಎಲ್ಲರಿಗೂ ಹಂಚಿ ಮಿಕ್ಕಾಗ ಕರೆದ ಹಾಗಿತ್ತು. 'ನನಗೆ ಬೇಕಾಗಿರೋದು ನಮ್ಮವರ ಹತ್ರ ಇದ್ದದ್ದು ಸ್ವಾಮಿ' ಎಂದೆ. ಜೊತೆಗೇ ಕೇಳಿದೆ, 'ಹೆಣ್ಣಿನ ಕಿವಿಗೆ ಬೀಳಬಾರದು ಅಂತ ದೊಡ್ಡಯ್ಯನೋರು ಹೇಳಿದ್ರಲ್ಲ, ಕಿವೀನೇ ಕೇಳದ ಹೆಣ್ಣಾದ್ರೆ?'

ಅವರು ಕನ್ನಡಕ ತೆಗೆದು ನಕ್ಕರು. 'ಇದನ್ನ ಇದುವರೆಗೂ ಯಾರೂ ಕೇಳಿರಲಿಲ್ಲ. ನಮ್ಮ ತಾತನ ಬಾಯೂ ಕಟ್ತಿತ್ತೇನೋ.'

ಆ ದಿನ ಅಲ್ಲೇ ಪ್ರಸಾದ ಉಂಡು, ಹಾಲ್‌ನ ಹಿಂದಿನ ಕೋಣೆಯಲ್ಲಿ ಅಡುಗೆಯ ಅಜ್ಜಿಯ ಪಕ್ಕ ಮಲಗಿದೆ. ಬೆಳಿಗ್ಗೆ ಮಾಗಡಿಗೆ ಬಂದು ರಾಮನಗರದ ಬಸ್ಸು ಹತ್ತಿದೆ. ಊರು ಬಂತು. ಮನೆಗೆ ಹೋದರೆ ಮತ್ತೆ ಹೊರಡುವವಳಲ್ಲ ಎಂದು ನನಗೇ ಗೊತ್ತಿತ್ತು. ಹಾಗಾಗಿ ನಿಲ್ದಾಣದಿಂದ ನೇರ ರೈಲ್ವೆ ಸ್ಟೇಷನ್ನಿಗೆ ನಡೆದು ಮೈಸೂರು ಪ್ಯಾಸೆಂಜರ್ ಹಿಡಿದೆ. ಚನ್ನಪಟ್ಟಣಕ್ಕೆ ನಾಲ್ಕು ರೂಪಾಯಿ. ಇದೇ ಗಾಡಿಯಲ್ಲಿ ನಮ್ಮವರು ವರ್ಷಗಟ್ಟಲೆ ಓಡಾಡಿದ್ದರು. ಯಾವ ಕಿಟಕಿಯ ಹತ್ತಿರ ಕೂರುತ್ತಿದ್ದರೋ ನಾನು ಕೇಳಿರಲಿಲ್ಲ.

ಕಾರ್ಖಾನೆ ಎಂದರೆ ದರ್ಗಾದ ಹಿಂದಿನ ಗಲ್ಲಿಯಲ್ಲಿ ಹೆಂಚಿನ ಒಂದು ಉದ್ದನೆಯ ಕೊಠಡಿ. ಮಾಲೀಕರು ಖಾದರ್ ಸಾಬರು. ಬಿಳಿ ಗಡ್ಡ, ಬನಿಯನ್ನಿನ ತುಂಬ ಬಣ್ಣದ ಪುಡಿ. ಆರು ಲೇತ್ ಇದ್ದ ಕಡೆ ಎರಡೇ ಓಡುತ್ತಿದ್ದವು. ಉಳಿದವನ್ನು ಕಿತ್ತ ಜಾಗದಲ್ಲಿ ಬೋಲ್ಟಿನ ತೂತುಗಳು ಕಾಣುತ್ತಿದ್ದವು. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಆ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಆಮೇಲೆ ತಾಳೆಗರಿ ಹಿಡಿದರೆ ಹೊಳಪು ಬರುತ್ತದೆ. ಇದನ್ನು ನಾನು ಅಂದೇ ಮೊದಲು ನೋಡಿದ್ದು.

'ಅರೆ, ಸಿದ್ದಣ್ಣನ ಮನೆಯೋರಾ? ಬನ್ನಿ ಬನ್ನಿ ತಾಯಿ' ಎಂದು ಸಾಬರು ಸ್ಟೂಲು ಒರೆಸಿ ಹಾಕಿದರು. 'ಫ್ಯಾಕ್ಟ್ರಿ ಸೇರಿದ ಮೇಲೂ ರಜಾ ದಿನ ಬಂದು ಕೂತ್ಕೊಳ್ಳೋರು. ಯಾಕ್ರೀ ಸಿದ್ದಣ್ಣ, ಅಲ್ಲಿ ಯೂನಿಫಾರಂ ಕೊಟ್ಟವ್ರೆ, ಇಲ್ಲಿ ಧೂಳು ತಿನ್ನೋಕ್ ಬರ್ತೀರಲ್ಲ ಅಂದ್ರೆ, ಅಲ್ಲಿ ಸದ್ದು ಸರಿಯಿಲ್ಲ ಸಾಬ್ರೇ ಅನ್ನೋರು. ಫ್ಯಾಕ್ಟ್ರೀಲಿ ಬಾಯಿ ಆಡ್ಸುದ್ರೆ ಸೂಪರ್‌ವೈಸರ್ ಬಂದು ಏನಪ್ಪಾ ಅಂತ ಕೇಳ್ತಾನಂತೆ. ಇಲ್ಲಿ ಕೇಳೋರ್ಯಾರು?'

ರಜಾ ದಿನ ಫ್ಯಾಕ್ಟರಿಯಲ್ಲಿ ಓವರ್‌ಟೈಮ್ ಎಂದು ನನಗೆ ಹೇಳಿ ಹೋಗುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಈ ಸದ್ದು. ಇದರ ಮರೆಯಲ್ಲಿ ಗಂಟಲು ಬಿಟ್ಟು ಹೇಳಿದರೂ ಯಾರ ಕಿವಿಗೂ ಬೀಳುತ್ತಿರಲಿಲ್ಲ.

ಓಡುತ್ತಿದ್ದ ಲೇತಿನ ಆಚೆ ತುದಿಗೆ ಅವಳು ಕೂತಿದ್ದಳು. ಹೆಸರು ನಿಂಗಮ್ಮ, ಕನಕಪುರದ ಕಡೆಯವಳು. ಲೇತ್ ಕೂರಿಸಿದ್ದ ದಪ್ಪ ಹಲಗೆ ಅವಳವರೆಗೂ ಉದ್ದಕ್ಕೆ ಹರಿದಿತ್ತು. ಅದರ ಮೇಲೆ ಮೊಣಕೈ ಊರಿ ಗಾಡಿಬೊಂಬೆಗಳಿಗೆ ಚಕ್ರ ಅಂಟಿಸುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. ಹತ್ತು ವರ್ಷದವಳಿದ್ದಾಗ ಜ್ವರ ಬಂದು ಕಿವಿ ಹೋಗಿತ್ತಂತೆ. ಮಾತು ಬರುತ್ತಿತ್ತು, ತುಟಿ ನೋಡಿ ನಾವು ಹೇಳಿದ್ದು ತಿಳಿಯುತ್ತಿತ್ತು. ದನಿ ಮಾತ್ರ ಅವಳ ಹತೋಟಿಯಲ್ಲಿರಲಿಲ್ಲ.

'ಯಾಕಕ್ಕ ಬಂದೆ?' ಎಂದು ಗಲ್ಲಿಗೆಲ್ಲ ಕೇಳುವ ಹಾಗೆ ಕೇಳಿದಳು. 'ತಿಥಿ ದಿನ ನನ್ನ ನೋಡ್ದೆ, ಹಾವು ನೋಡ್ದಂಗೆ.'

'ಯಾರು ಹೇಳಿಕೊಟ್ರು ನಿಂಗೆ ಅದನ್ನ?'

'ಯಾರೂ ಹೇಳ್ಕೊಡ್ಲಿಲ್ಲ. ಈ ಹಲಗೆ ಹೇಳ್ಕೊಡ್ತು.'

ಸಾಬರು ನಕ್ಕರು. ಅವಳು ನಗದೆ ನನ್ನ ಬಲಗೈ ಹಿಡಿದು ಹಲಗೆಯ ಮೇಲೆ ಒತ್ತಿದಳು. ಮಿಷನ್ನಿನ ನಡುಕ ಮೊಣಕೈವರೆಗೂ ಹತ್ತಿತು. 'ಇದು ಮಿಷನ್ನು. ಯಾವಾಗ್ಲೂ ಒಂದೇ ಸಮ. ಅಣ್ಣ ಎದೆ ಆನಿಸ್ಕೊಂಡು ಕಡೀತಿದ್ರಲ್ಲ, ಇದ್ರೊಳಗೆ ಇನ್ನೊಂದು ಬರೋದು. ದಪ್ಪಕೆ, ಉದ್ದುಕ್ಕೆ. ಇದೇನಪ್ಪ ಅಂತ ಅವ್ರ ಮಕ ನೋಡುದ್ರೆ ಬಾಯಿ ಒಸಿ ತೆರ್ಕೊಂಡಿರೋದು, ಆಮ್ಯಾಕೆ ದುಂಡಗಾಗೋದು, ಆಮ್ಯಾಕೆ ಮುಚ್ಕೊಳ್ಳೋದು. ಕರೆಂಟ್ ಹೋಯ್ತದಲ್ಲ, ಆಗ ಎಲ್ರೂ ಈಚೆಗೆ ಬೀಡಿ ಸೇದಾಕೆ ಹೋಗೋರು. ಅಣ್ಣ ಕೂತೇ ಇರೋರು, ಬಾಯಿ ಮುಚ್ಕೊಂಡು. ಮಿಷನ್ ನಿಂತಿರ್ತಿತ್ತು, ಹಲಗೇಲಿ ಅವ್ರೊಬ್ರೇ ಇರೋರು.'

ಅವರು ಅವಳಿಗೆ ಕೊಟ್ಟಿರಲಿಲ್ಲ. ಅವಳೇ ತೆಗೆದುಕೊಂಡಿದ್ದಳು. ಅದನ್ನು ಕೇಳಿ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಬಾಗಿಲ ಹೊರಗೆ ಟವೆಲ್ಲು ಹಿಡಿದು ನಿಂತ ನನ್ನ ವರ್ಷಗಳನ್ನು ನೆನೆದು ಆ ಹಲಗೆಯ ಮೇಲೂ ಉರಿದುಬಿದ್ದೆ. ಮರದ ತುಂಡಿಗೆ ಅವರು ಎದೆ ಕೊಟ್ಟಿದ್ದರು.

'ಈಗ ಹೇಳು ನೋಡೋಣ' ಎಂದೆ.

ಸಾಬರು ಲೇತ್ ನಿಲ್ಲಿಸಿದರು. ನಿಂಗಮ್ಮ ಹಲಗೆಗೆ ಎದೆ ಆನಿಸಿ ಕೂತಳು. ನನ್ನ ಅಂಗೈ ಹಲಗೆಯ ಮೇಲೇ ಇತ್ತು. ದನಿ ಕೇಳಲು ಒರಟಾಗಿತ್ತು, ಕೈಗೆ ಹಾಗಿರಲಿಲ್ಲ. ದೂರದಲ್ಲಿ ಗಾಡಿ ಬರುವಾಗ ರೈಲುಕಂಬಿ ನಡುಗುವ ಹಾಗೆ ಬಂತು. ಹತ್ತಿರವಾಯಿತು. ತುಟಿ ಮುಚ್ಚಿದಾಗ ಸಣ್ಣಗಾಗಿ ನಿಂತಿತು. ಏನೂ ಇಲ್ಲ. ಮರ ಬರಿಯ ಮರವಾಗಿತ್ತು. ಆ ಏನೂ ಇಲ್ಲದ್ದರಲ್ಲಿ ನಾನು ಅಂಗೈಯನ್ನು ಇನ್ನಷ್ಟು ಒತ್ತಿದೆ. ಸ್ವಾಮಿಗಳು ಕಡ್ಡಿಯಲ್ಲಿ ತೋರಿಸಿದ ಚುಕ್ಕಿ ಇದೇ ಇರಬೇಕು ಎನ್ನಿಸುತ್ತಿದ್ದ ಹಾಗೇ ಅವಳು ಕೆಮ್ಮಿದಳು. ಹಲಗೆ ಎರಡು ಸಲ ಅದುರಿತು. ದೊಡ್ಡದು, ಸಣ್ಣದು.

ನನ್ನಲ್ಲಿದ್ದು ಅವಳಲ್ಲಿಲ್ಲದ್ದು ಆಗ ನನ್ನ ಬಾಯಿಗೆ ಬಂತು. ಚುಚ್ಚಲಿ ಎಂದೇ ಹೇಳಿದೆ.

'ಆ ಕೆಮ್ಮು ಓಂಕಾರ ಅಲ್ಲ. ಅದು ಬೀಡಿ ಕೆಮ್ಮು.'

ಅವಳು ನನ್ನ ತುಟಿಯನ್ನೇ ನೋಡಿದಳು. ಇನ್ನೊಮ್ಮೆ ಹೇಳಿಸಿಕೊಂಡಳು. ಆಮೇಲೆ ಬಾಯಿ ಮೇಲೆ ಕೈಯಿಟ್ಟುಕೊಂಡಳು.

'ಅಯ್ಯೋ ಶಿವನೇ! ಕೊನೇಲಿ ಎಲ್ಡು ಒದೆ ಐತೆ, ಅದೇ ಮಂತ್ರಕ್ಕೆ ಬೀಗ ಹಾಕೋದು ಅಂದ್ಕಂಡಿದ್ದೆ. ಇಷ್ಟ್ ವರ್ಸ ದೇವ್ರ ಮುಂದೆ ಕೆಮ್ತಾ ಇದ್ನಾ ನಾನು?' ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಸಾಬರು, 'ಈಗೊಂದು ಬೀಡಿ ಕೊಡ್ಲೇನಮ್ಮ, ಮಂತ್ರ ಪೂರ್ತಿ ಆಗ್ಲಿ' ಎಂದರು. ನಾನೂ ನಕ್ಕೆ. ದೀಪಾವಳಿಯಿಂದೀಚೆಗೆ ನಕ್ಕದ್ದು ಅದೇ ಮೊದಲು.

ನಗು ನಿಂತ ಮೇಲೆ ಅವಳು ಚಕ್ರಗಳನ್ನು ಬದಿಗೆ ಸರಿಸಿದಳು. 'ಮುಂದಿನ ವಾರದಿಂದ ಇಲ್ಲಿಗೆ ಬರಾಕಿಲ್ಲ ಕಣಕ್ಕ. ಕನಕಪುರ ರೋಡ್ನಾಗೆ ಗಾರ್ಮೆಂಟ್ಸ್‌ಗೆ ಸೇರ್ಕೊಂಡಿವ್ನಿ. ಅದ್ಕೆ ಈಗ್ಲೇ ಕೇಳ್ಬುಡ್ತೀನಿ. ನೀನು ಅಷ್ಟು ವರ್ಸ ಕೇಳಿದ್ದೀಯ. ಅಣ್ಣನ ದನಿ ಹೆಂಗಿತ್ತು?'

ಅವಳ ಕಣ್ಣಲ್ಲಿ ಏನಿತ್ತು ಎಂದು ಗುರುತು ಹಿಡಿಯಲು ನನಗೆ ಕಷ್ಟವಾಗಲಿಲ್ಲ. ಮೂರು ತಿಂಗಳಿಂದ ಕನ್ನಡಿಯಲ್ಲಿ ನೋಡುತ್ತಿದ್ದದ್ದೇ ಅದು.

ಹೇಳಿದೆ. ದಪ್ಪ ದನಿ, ಆದರೆ ಮೆಲ್ಲಗೆ. ಮಾತಿನ ಕೊನೆ ಕೆಳಗೆ ಇಳಿಯುತ್ತಿತ್ತು, ಪೂರ್ತಿ ಮುಗಿಸಲು ಬೇಸರವೋ ಎಂಬಂತೆ. ಸಿಟ್ಟು ಬಂದಾಗ ಇನ್ನೂ ಮೆಲ್ಲಗಾಗುತ್ತಿತ್ತು. ಫೋನಿನಲ್ಲಿ ಮಾತ್ರ ಕೂಗುತ್ತಿದ್ದರು. ಅವಳು ಒಂದೊಂದಕ್ಕೂ ತಲೆಯಾಡಿಸಿ, ನನ್ನ ತುಟಿಯಿಂದ ಕಣ್ಣು ತೆಗೆಯದೆ ಕೇಳಿದಳು. ಬೆಳಿಗ್ಗೆ ಏಳುವಾಗ ನನ್ನನ್ನು ಹೇಗೆ ಕರೆಯುತ್ತಿದ್ದರು ಎಂಬುದು ನಾಲಿಗೆಯ ತುದಿಯವರೆಗೆ ಬಂತು. ಅದೊಂದನ್ನು ಕೊಡಲಿಲ್ಲ.

ಹೊರಡುವಾಗ ಸಾಬರು ಕೆಂಪು ಅರಗಿನ ಒಂದು ಬುಗುರಿ ಕೈಗಿಟ್ಟರು. ನಿಂಗಮ್ಮ ಗಲ್ಲಿಯ ತುದಿವರೆಗೆ ಬಂದು, 'ಅಕ್ಕ, ಕೆಮ್ಮು ಬುಟ್ಬುಡ್ಲಾ?' ಎಂದು ಕೂಗಿದಳು. ದಾರಿಯಲ್ಲಿ ಹೋಗುವವರು ತಿರುಗಿ ನೋಡಿದರು. ನಾನು ಬಿಡಬೇಡ ಎಂದು ಕೈಯಲ್ಲೇ ಹೇಳಿದೆ.

ಸಂಜೆಯ ಪ್ಯಾಸೆಂಜರಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ವಡೆ ಮಾರುವವನು ಹೋದ ಮೇಲೆ ಬೋಗಿಯೊಳಗೆ ಗಾಡಿಯ ಸದ್ದು ಬಿಟ್ಟರೆ ಬೇರೇನೂ ಉಳಿಯಲಿಲ್ಲ. ಮರದ ಸೀಟು ಒಂದೇ ಸಮ ನಡುಗುತ್ತಿತ್ತು. ಅಂಗೈಯನ್ನು ಅದರ ಮೇಲಿಟ್ಟೆ. ತುಟಿ ಒಸಿ ತೆರೆದೆ. ಯಾರಿಗೂ ಕೇಳಿಸಲಿಲ್ಲ. ನನಗೂ ಸರಿಯಾಗಿ ಕೇಳಿಸಲಿಲ್ಲ, ಅಂಗೈಗೆ ಮಾತ್ರ ತಿಳಿಯಿತು. ತುಟಿ ಮುಚ್ಚಿದೆ. ಅದು ಸಣ್ಣಗಾಗಿ ನಿಂತಿತು. ಕಿಟಕಿಯಾಚೆ ರಾಮನಗರದ ಬಂಡೆಗಳು ಕಪ್ಪಾಗಿ ಒಂದೊಂದೇ ಬಂದವು. ಏನೂ ಇಲ್ಲದ ಆ ಹೊತ್ತಿನಲ್ಲಿ ಕಾದೆ. ಆಮೇಲೆ ಕೆಮ್ಮಿದೆ. ಒಂದು ದೊಡ್ಡದು, ಅದರ ಬೆನ್ನಿಗೇ ಒಂದು ಸಣ್ಣದು.

ಎದುರು ಕೂತಿದ್ದ ಹೂವಿನ ಬುಟ್ಟಿಯ ಹೆಂಗಸು ನೀರಿನ ಬಾಟಲಿ ಮುಂದೆ ಚಾಚಿದಳು. 'ಒಸಿ ನೀರು ಕುಡಿಯವ್ವ, ಗಂಟ್ಲು ಕಟ್ಟೈತೆ.'

'ಬ್ಯಾಡ ಕಣವ್ವ' ಎಂದೆ. 'ಇದು ನಂದಲ್ಲ, ನಮ್ಮನೆಯೋರ ಕೆಮ್ಮು.'